ತತ್ವಶಾಸ್ತ್ರ ಪದವಿಗೆ ಕಾಲೇಜು ಆರಿಸುವಾಗ: ನೀವು ಬರೆದದ್ದನ್ನು ಅಲ್ಲಿ ಯಾರು ಓದುತ್ತಾರೆ?

ಪದವಿಯಲ್ಲಿ ತತ್ವಶಾಸ್ತ್ರ ಓದಬೇಕೆಂದು ತೀರ್ಮಾನಿಸಿದವರು ಸಾಮಾನ್ಯವಾಗಿ ಮೊದಲು ತೆರೆಯುವುದು ರ‍್ಯಾಂಕಿಂಗ್ ಪಟ್ಟಿಯನ್ನು. ಎಡವಟ್ಟು ಅಲ್ಲಿಂದಲೇ ಶುರು. ವಿಜ್ಞಾನದ ಕೋರ್ಸಾದರೆ ಪ್ರಯೋಗಾಲಯ ಹೇಗಿದೆ, ಉಪಕರಣ ಎಷ್ಟಿವೆ ಎಂದು ಎಣಿಸಿ ನೋಡಬಹುದು. ತತ್ವಶಾಸ್ತ್ರಕ್ಕೆ ಬೇಕಾದದ್ದು ಒಂದು ಕೋಣೆ, ಒಂದಷ್ಟು ಪುಸ್ತಕ, ಮತ್ತು ನೀವು ಬರೆದದ್ದನ್ನು ಸಾಲು ಸಾಲಾಗಿ ಓದಿ ‘ಇದು ಅದರಿಂದ ಹೇಗೆ ಬಂತು?’ ಎಂದು ಕೇಳುವ ಅಧ್ಯಾಪಕರು. ಅಂಥವರು ಇದ್ದಾರೋ ಇಲ್ಲವೋ ಎಂಬುದನ್ನು ಯಾವ ಪಟ್ಟಿಯೂ ಅಳೆಯುವುದಿಲ್ಲ. ನೀವೇ ಪತ್ತೆ ಮಾಡಬೇಕು. ಮಾಡಲು ಸಾಧ್ಯವೂ ಇದೆ. ಒಂದು ಕಾಲೇಜಿಗೆ ಮೂರು ನಾಲ್ಕು ಗಂಟೆಯ ಕೆಲಸ, ಅಷ್ಟೇ.

ಪಟ್ಟಿಗಳ ವಿಚಾರ ಮೊದಲೇ ಮುಗಿಸಿಬಿಡೋಣ. ಇಂಗ್ಲಿಷ್ ಮಾತಾಡುವ ದೇಶಗಳ ತತ್ವಶಾಸ್ತ್ರ ವಿಭಾಗಗಳ ಬಗ್ಗೆ ಹೆಚ್ಚು ಚರ್ಚೆಯಾಗುವ ಪಟ್ಟಿ ‘ಫಿಲಾಸಫಿಕಲ್ ಗೋರ್ಮೇ ರಿಪೋರ್ಟ್’. ಅದು ಪಿಎಚ್.ಡಿ. ಮಾಡುವವರಿಗಾಗಿ ಇರುವ ಪಟ್ಟಿ. ಯಾವ ವಿಭಾಗದ ಅಧ್ಯಾಪಕರ ಸಂಶೋಧನೆಗೆ ಎಷ್ಟು ಹೆಸರಿದೆ ಎಂದು ಆ ಕ್ಷೇತ್ರದವರನ್ನೇ ಕೇಳಿ ಅಂಕ ಹಾಕುತ್ತಾರೆ. ಪಿಎಚ್.ಡಿ. ಕೊಡದೆ ಬರೀ ಪದವಿ ತರಗತಿ ನಡೆಸುವ ಒಳ್ಳೆಯ ಕಾಲೇಜು ಆ ಪಟ್ಟಿಯೊಳಗೆ ಬರುವ ಪ್ರಶ್ನೆಯೇ ಇಲ್ಲ. ಕ್ಯೂಎಸ್‌ನಂಥ ವಿಷಯವಾರು ಪಟ್ಟಿಗಳೂ ಬಹುಪಾಲು ನಿಂತಿರುವುದು ಹೆಸರು ಮತ್ತು ಸಂಶೋಧನಾ ಉಲ್ಲೇಖಗಳ ಮೇಲೆ. ಮೊದಲ ವರ್ಷದ ತರಗತಿಗೆ ಯಾರು ಬರುತ್ತಾರೆ, ಪ್ರಬಂಧ ತಿದ್ದಿ ಎಷ್ಟು ದಿನಕ್ಕೆ ವಾಪಸ್ ಕೊಡುತ್ತಾರೆ ಎಂಬುದು ಅವಕ್ಕೆ ಬೇಡದ ವಿಷಯ. ಕಾಲೇಜುಗಳ ಹೆಸರು ಕಲೆಹಾಕಲು ಪಟ್ಟಿ ಬಳಸಿ, ಸಾಲದು ಅನ್ನಿಸಿದರೆ ಎರಡು ಪಟ್ಟಿ ಬಳಸಿ. ಅಲ್ಲಿಗೆ ಮುಚ್ಚಿಡಿ.

1. ಪದವಿಯ ಆಕಾರ ನೋಡಿ

‘ತತ್ವಶಾಸ್ತ್ರದಲ್ಲಿ ಬಿ.ಎ.’ ಎಂಬ ಒಂದೇ ಹೆಸರಿನ ಕೆಳಗೆ ತೀರಾ ಬೇರೆ ಬೇರೆ ಪದವಿಗಳಿವೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 3 ವರ್ಷ, ಮೊದಲ ದಿನದಿಂದಲೇ ಒಂದೇ ವಿಷಯ. ಸ್ಕಾಟ್ಲೆಂಡಿನಲ್ಲಿ 4 ವರ್ಷ, ಮೊದಲೆರಡು ವರ್ಷ ಬೇರೆ ವಿಷಯಗಳೂ ಜೊತೆಗಿರುತ್ತವೆ. ಅಮೆರಿಕದಲ್ಲಿ 4 ವರ್ಷಕ್ಕೆ ಸುಮಾರು 120 ಕ್ರೆಡಿಟ್, ಅಂದರೆ ಹತ್ತಿರ ಹತ್ತಿರ 40 ಕೋರ್ಸು. ಅದರಲ್ಲಿ ತತ್ವಶಾಸ್ತ್ರದ ಮೇಜರ್‌ಗೆ, ಅಂದರೆ ಅದನ್ನು ಮುಖ್ಯ ವಿಷಯವಾಗಿ ಓದಲು, ಬೇಕಾದದ್ದು ಹೆಚ್ಚಿನ ಕಡೆ 10ರಿಂದ 12 ಕೋರ್ಸು ಮಾತ್ರ. ಭಾರತದಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ 3 ವರ್ಷದ ಪದವಿಯ ಪಕ್ಕದಲ್ಲಿ 4 ವರ್ಷದ ಆನರ್ಸ್ ಪದವಿಯನ್ನೂ ತಂದು ನಿಲ್ಲಿಸಿತು. ಇದರ ಜೊತೆಗೆ ತತ್ವಶಾಸ್ತ್ರ ಎರಡು ಮೂರು ವಿಷಯಗಳ ಪೈಕಿ ಒಂದಾಗಿ ಮಾತ್ರ ಇರುವ ಪದವಿಯೂ ಉಂಟು.

ಹೆಸರು ನೋಡಿ ಮೋಸಹೋಗುವುದಕ್ಕೆ ಒಳ್ಳೆಯ ಉದಾಹರಣೆ ಆಕ್ಸ್‌ಫರ್ಡ್. ಅಲ್ಲಿ ಬರೀ ತತ್ವಶಾಸ್ತ್ರಕ್ಕೆ ಪದವಿಯೇ ಇಲ್ಲ. 1920ರಿಂದ ನಡೆದುಬಂದಿರುವ ಪಿಪಿಇ, ಅಂದರೆ ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಮೂರೂ ಸೇರಿದ ಪದವಿ. ಇಲ್ಲವೇ ಗಣಿತದ ಜೊತೆ, ಭೌತಶಾಸ್ತ್ರದ ಜೊತೆ, ಭಾಷೆಯ ಜೊತೆ ಹೀಗೆ ಜೋಡಿ ಪದವಿಗಳು. ಕೇಂಬ್ರಿಜ್‌ನಲ್ಲಿ ಮೂರು ವರ್ಷವೂ ತತ್ವಶಾಸ್ತ್ರವನ್ನೇ ಓದಬಹುದು. ಎರಡೂ ಒಂದೇ ಎಂದುಕೊಂಡು ಅರ್ಜಿ ಹಾಕಿದವರಿಗೆ ಮೊದಲ ವರ್ಷ ಅರ್ಥಶಾಸ್ತ್ರದ ಗ್ರಾಫು ಎದುರಾಗುತ್ತದೆ.

ಯಾವುದು ಒಳ್ಳೆಯದು? ತತ್ವಶಾಸ್ತ್ರವನ್ನು ಹಿಂದೆ ಓದಿಯೇ ಇಲ್ಲದವರಿಗೆ ಜೋಡಿ ಪದವಿ ಅಥವಾ ಮೇಜರ್ ಪದ್ಧತಿ ವಾಸಿ. ಹೆಚ್ಚಿನವರು ಅದನ್ನು ಓದಿರುವುದೂ ಇಲ್ಲ, ಬಹುತೇಕ ಕಡೆ ಓದಿರಬೇಕೆಂಬ ನಿಯಮವೂ ಇಲ್ಲ. ಭಾಷಣ ಕೇಳಿ, ವಿಡಿಯೊ ನೋಡಿ ಹುಟ್ಟಿದ ಆಸೆ ಕೆಲವೊಮ್ಮೆ ಜರ್ಮನ್ ತತ್ವಜ್ಞಾನಿ ಕಾಂಟ್‌ನ ಹತ್ತು ಪುಟ ದಾಟುವುದಿಲ್ಲ. ಆದ್ದರಿಂದ ಅರ್ಜಿಗೆ ಮುಂಚೆ ಒಂದು ನಿಯಮವನ್ನು ಬರವಣಿಗೆಯಲ್ಲಿ ತಿಳಿದುಕೊಳ್ಳಿ: ಮೊದಲ ವರ್ಷದ ಕೊನೆಯಲ್ಲಿ ವಿಷಯ ಬದಲಿಸಬಹುದೇ, ಬದಲಿಸಿದರೆ ಎಷ್ಟು ಕ್ರೆಡಿಟ್ ಉಳಿಯುತ್ತದೆ? ‘ನೋಡೋಣ, ಅಡ್ಜಸ್ಟ್ ಮಾಡಬಹುದು’ ಎಂಬ ಬಾಯಿಮಾತಿಗೆ ಬೆಲೆ ಇಲ್ಲ.

2. ಸಿಲಬಸ್‌ನಲ್ಲಿ ತರ್ಕಶಾಸ್ತ್ರ ಎಲ್ಲಿಗೆ ನಿಲ್ಲುತ್ತದೆ?

ಸಿಲಬಸ್ ಕೈಗೆ ಬಂದ ಕೂಡಲೇ ತರ್ಕಶಾಸ್ತ್ರದ ಪುಟಕ್ಕೆ ಹೋಗಿ. ಕಾಲೇಜಿನ ನಾಡಿ ಅಲ್ಲಿ ಸಿಗುತ್ತದೆ.

ಈ ಎರಡು ವಾಕ್ಯ ನೋಡಿ. ‘ಪ್ರತಿಯೊಬ್ಬರಿಗೂ ತಾಯಿ ಎಂಬ ಒಬ್ಬಳಿದ್ದಾಳೆ.’ ‘ಒಬ್ಬಳೇ ಒಬ್ಬಳು ಎಲ್ಲರಿಗೂ ತಾಯಿ.’ ಮೊದಲನೆಯದು ನಿಜ, ಎರಡನೆಯದು ಸುಳ್ಳು. ಎರಡರಲ್ಲಿ ಇರುವ ಸಾಮಾನು ಒಂದೇ, ‘ಎಲ್ಲ’ ಮತ್ತು ‘ಒಬ್ಬಳು’. ಬದಲಾದದ್ದು ಅವು ನಿಂತ ಕ್ರಮ. ಅರಿಸ್ಟಾಟಲ್‌ನ ಕಾಲದಿಂದ ಬಂದ ಮೂರು ವಾಕ್ಯಗಳ ತರ್ಕಕ್ಕೆ ಈ ವ್ಯತ್ಯಾಸ ಹಿಡಿಯಲು ಆಗುವುದಿಲ್ಲ. ಗಾಟ್‌ಲೋಬ್ ಫ್ರೆಗೆ 1879ರಲ್ಲಿ ಕೊಟ್ಟ ಪದ್ಧತಿಗೆ ಆಗುತ್ತದೆ. ಇಪ್ಪತ್ತನೆಯ ಶತಮಾನದ ತತ್ವಶಾಸ್ತ್ರದ ದೊಡ್ಡ ಭಾಗ ಅದರ ಮೇಲೆಯೇ ಕಟ್ಟಿದ್ದು.

ಹಾಗಾಗಿ ಪರೀಕ್ಷೆ ಸುಲಭ. ಸಿಲಬಸ್ ಬರೀ ‘ಎಲ್ಲ ಮನುಷ್ಯರೂ ಮರ್ತ್ಯರು, ಸಾಕ್ರಟೀಸ್ ಮನುಷ್ಯ’ ಎಂಬಲ್ಲಿಗೆ, ಅದರ ಪ್ರಕಾರಗಳ ಹೆಸರು ಬಾಯಿಪಾಠ ಮಾಡಿಸುವಲ್ಲಿಗೆ ನಿಂತಿದೆಯೇ? ವಾಕ್ಯಗಳ ನಿಜ-ಸುಳ್ಳು ಲೆಕ್ಕ ಹಾಕುವ ಸತ್ಯಕೋಷ್ಟಕ ದಾಟಿ, ‘ಎಲ್ಲ’, ‘ಕೆಲವು’ಗಳ ಸಾಂಕೇತಿಕ ತರ್ಕಕ್ಕೆ ಹೋಗಿ, ಹೆಜ್ಜೆ ಹೆಜ್ಜೆಯಾಗಿ ಸಾಧನೆ (ಪ್ರೂಫ್) ಬರೆಯಿಸುವವರೆಗೆ ಬರುತ್ತದೆಯೇ? ಎರಡನೆಯದು ಬೇಕು. ಕನಿಷ್ಠ ಒಂದು ಪೂರ್ತಿ ಸೆಮಿಸ್ಟರ್ ಇರಬೇಕು, ಮತ್ತು ವಾರಕ್ಕೊಂದು ಲೆಕ್ಕದ ಹಾಳೆ ಮಾಡಿ ಕೊಡುವಂತಿರಬೇಕು. ತರ್ಕ ಈಜಿನ ಹಾಗೆ; ಉಪನ್ಯಾಸ ಕೇಳಿ ಬರುವುದಲ್ಲ. ಅದು ಮೊದಲ ಅಥವಾ ಎರಡನೆಯ ವರ್ಷದಲ್ಲೇ ಸಿಗಬೇಕು. ಕೊನೆಯ ವರ್ಷಕ್ಕೆ ತಳ್ಳಿದ ಕಡೆ, ಭಾಷೆಯ ತತ್ವಶಾಸ್ತ್ರದ ಲೇಖನ ಕೈಗೆ ಬಂದಾಗ ಅದರಲ್ಲಿನ ಚಿಹ್ನೆಗಳನ್ನು ಜಿಗಿದು ಓದುವ ಅಭ್ಯಾಸ ಬಿದ್ದುಹೋಗಿರುತ್ತದೆ. ಆಮೇಲೆ ಅದು ಬಿಡುವುದು ಕಷ್ಟ.

ತರ್ಕದ ಆಚೆ ಮೂರು ಕಂಬ ಇದೆಯೇ ನೋಡಿ. ಒಂದು, ಇತಿಹಾಸ: ಪ್ಲೇಟೊ, ಅರಿಸ್ಟಾಟಲ್ ಒಂದು ಕೋರ್ಸು, ಡೆಕಾರ್ಟ್‌ನಿಂದ ಕಾಂಟ್‌ವರೆಗೆ ಇನ್ನೊಂದು. ಎರಡು, ಸಮಸ್ಯೆಗಳನ್ನೇ ಹಿಡಿದು ಹೋಗುವ ಕೋರ್ಸುಗಳು: ಜ್ಞಾನಮೀಮಾಂಸೆ, ನೀತಿಶಾಸ್ತ್ರ, ಮೆಟಾಫಿಸಿಕ್ಸ್ (ಇರುವುದರ ಸ್ವರೂಪದ ವಿಚಾರ), ಮನಸ್ಸಿನ ತತ್ವಶಾಸ್ತ್ರ, ರಾಜಕೀಯ ತತ್ವಶಾಸ್ತ್ರ. ಮೂರು, ಯುರೋಪಿನ ಹೊರಗಿನ ಕನಿಷ್ಠ ಒಂದು ಪರಂಪರೆ, ಭಾರತೀಯವೋ ಚೀನೀಯವೋ ಅರಬಿಯೋ.

ಮೂರನೆಯದರಲ್ಲಿ ಬಹಳ ಕಡೆ ಬರೀ ಹೆಸರು ಇರುತ್ತದೆ, ಹೂರಣ ಇರುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆ ಸಿಕ್ಕರೆ ಗೊತ್ತಾಗಿಬಿಡುತ್ತದೆ. ‘ನ್ಯಾಯದರ್ಶನದ 16 ಪದಾರ್ಥಗಳನ್ನು ಪಟ್ಟಿ ಮಾಡಿ’ ಎಂಬ ಪ್ರಶ್ನೆ ಕೇಳುವ ವಿಭಾಗ ನಿಮ್ಮ ನೆನಪಿನ ಶಕ್ತಿಗೆ ಅಂಕ ಕೊಡುತ್ತಿದೆ. ‘ಹೊಗೆ ಇದ್ದಲ್ಲೆಲ್ಲ ಬೆಂಕಿ ಇದೆ ಎಂಬ ವ್ಯಾಪ್ತಿ, ಎಲ್ಲ ಹೊಗೆಯನ್ನೂ ಕಾಣದೆ ಸಿದ್ಧವಾಗುವುದು ಹೇಗೆ ಎಂಬ ಚಾರ್ವಾಕರ ಆಕ್ಷೇಪಕ್ಕೆ ನೈಯಾಯಿಕರು ಕೊಡುವ ಉತ್ತರ ಸಾಕೇ?’ ಎಂದು ಕೇಳುವ ವಿಭಾಗ ತತ್ವಶಾಸ್ತ್ರ ಕಲಿಸುತ್ತಿದೆ. ಅದೇ ಮೇಷ್ಟ್ರು, ಇಂಥದೇ ಸಂಶಯ ಎತ್ತಿದ ಡೇವಿಡ್ ಹ್ಯೂಮ್‌ನ ಪಾಠ ಮಾಡುವಾಗ ಈ ಪ್ರಶ್ನೆಯನ್ನು ನೆನಪಿಸಿದರೆ ಇನ್ನೂ ಒಳ್ಳೆಯದು. ಪಾಶ್ಚಾತ್ಯ ಪತ್ರಿಕೆಗೂ ಇದೇ ಅಳತೆ: ‘ಟಿಪ್ಪಣಿ ಬರೆಯಿರಿ’, ‘ವಿವರಿಸಿ’ಗಳೇ ತುಂಬಿವೆಯೋ, ‘ಒಪ್ಪುತ್ತೀರಾ, ಏಕೆ?’ ಎಂಬುದೂ ಇದೆಯೋ?

ಓದಿನ ಪಟ್ಟಿಯಲ್ಲಿ ಮೂಲ ಕೃತಿ ಎಷ್ಟು, ಮೂಲದ ಬಗ್ಗೆ ಬರೆದದ್ದು ಎಷ್ಟು ಎಂದು ಎಣಿಸಿ. ಡೆಕಾರ್ಟ್ ಮೇಲಿನ ಕೋರ್ಸಿನಲ್ಲಿ ಡೆಕಾರ್ಟ್ ಬರೆದ ಒಂದು ಪುಟವೂ ಇಲ್ಲದೆ, ಒಂದೇ ಪರಿಚಯ ಗ್ರಂಥದ 40 ಪುಟ ಇದ್ದರೆ ಆ ಕೋರ್ಸು ಗೈಡ್ ಓದಿಸುವ ಕೋರ್ಸು. ಪುಟಗಳು ಜಾಸ್ತಿ ಇದ್ದಷ್ಟೂ ಘನ ಎಂದೂ ಅಲ್ಲ. ವಾರಕ್ಕೆ 20ರಿಂದ 40 ಪುಟ ಮೂಲ, ಅದನ್ನು ಎರಡು ಸಲ ಓದುವಷ್ಟು ಬಿಡುವು, ಇದು ಹದ. ವಾರಕ್ಕೆ 150 ಪುಟ ಇದ್ದರೆ ಅದನ್ನು ಓದುವವರು ಇರುವುದಿಲ್ಲ, ಕಲಿಸುವವರಿಗೂ ಅದು ಗೊತ್ತಿರುತ್ತದೆ.

3. ಪ್ರಾಸ್ಪೆಕ್ಟಸ್ ಬದಿಗಿಡಿ, ವೇಳಾಪಟ್ಟಿ ತೆಗೆಯಿರಿ

ಪ್ರಾಸ್ಪೆಕ್ಟಸ್‌ನಲ್ಲಿರುವುದು ವಿಭಾಗ ಎಂದಾದರೂ ಕಲಿಸಬಹುದಾದ ಕೋರ್ಸುಗಳ ಪಟ್ಟಿ. ಹೋದ ಸೆಮಿಸ್ಟರಿನಲ್ಲಿ ಏನು ನಡೆಯಿತು ಎಂಬುದು ವೇಳಾಪಟ್ಟಿಯಲ್ಲಿರುತ್ತದೆ. ಎರಡಕ್ಕೂ ಅಜಗಜಾಂತರ ಇರಬಹುದು. ಸೌಂದರ್ಯಮೀಮಾಂಸೆ ಕಲಿಸುತ್ತಿದ್ದವರು ನಿವೃತ್ತರಾಗಿ ಐದು ವರ್ಷ ಕಳೆದರೂ ಕೋರ್ಸಿನ ಹೆಸರು ಪುಸ್ತಕದಲ್ಲಿ ಹಾಗೇ ಇರುತ್ತದೆ. ಅಳಿಸಲು ಸಮಿತಿ ಕೂರಬೇಕಲ್ಲ.

ಮಾಡಬೇಕಾದದ್ದು ಇಷ್ಟು. ಹಿಂದಿನ ನಾಲ್ಕು ಸೆಮಿಸ್ಟರುಗಳ ವೇಳಾಪಟ್ಟಿ ಜಾಲತಾಣದಲ್ಲಿ ಹುಡುಕಿ, ಸಿಗದಿದ್ದರೆ ವಿಭಾಗದ ಕಚೇರಿಗೆ ಬರೆದು ತರಿಸಿ. ಒಂದು ಹಾಳೆಯಲ್ಲಿ ಸೆಮಿಸ್ಟರಿಗೊಂದರಂತೆ ನಾಲ್ಕು ಕಾಲಂ ಎಳೆದು ನಡೆದ ಕೋರ್ಸು, ಕಲಿಸಿದವರ ಹೆಸರು, ಇದ್ದ ವಿದ್ಯಾರ್ಥಿಗಳ ಸಂಖ್ಯೆ ತುಂಬಿಸಿ. ಆಮೇಲೆ ಮೂರು ವಿಷಯ ಗಮನಿಸಿ.

ಮೇಲಿನ ಹಂತದ ಕೋರ್ಸುಗಳು, ಅಂದರೆ ಎರಡನೆಯ ವರ್ಷದಿಂದಾಚೆಗಿನವು, ಪ್ರತಿ ಸೆಮಿಸ್ಟರಿಗೆ ಎಷ್ಟಿವೆ? ಮೂರಕ್ಕಿಂತ ಕಡಿಮೆ ಇದ್ದರೆ ನೀವು ಆರಿಸುವುದೇನೂ ಉಳಿದಿಲ್ಲ. ಇದ್ದದ್ದನ್ನು ತೆಗೆದುಕೊಂಡು ಪದವಿ ಮುಗಿಸುತ್ತೀರಿ. ಕಡ್ಡಾಯ ಕೋರ್ಸುಗಳು ವರ್ಷಕ್ಕೊಮ್ಮೆ ಬರುತ್ತವೆಯೋ, ಎರಡು ವರ್ಷಕ್ಕೊಮ್ಮೆಯೋ? ವರ್ಷ ಬಿಟ್ಟು ವರ್ಷ ಬರುವ ಕಡ್ಡಾಯ ಕೋರ್ಸು ಒಮ್ಮೆ ತಪ್ಪಿತೆಂದರೆ ಪದವಿಗೆ ಒಂದು ವರ್ಷ ಸೇರಿಕೊಳ್ಳಬಹುದು. ಇನ್ನು ಘೋಷಿಸಿ ಆಮೇಲೆ ರದ್ದಾದ ಕೋರ್ಸುಗಳಿವೆಯೇ? ಇಷ್ಟು ಜನ ಸೇರದಿದ್ದರೆ ನಡೆಸುವುದಿಲ್ಲ ಎಂಬ ಕನಿಷ್ಠ ಸಂಖ್ಯೆಯ ನಿಯಮ ಹಲವು ಕಡೆ ಇರುತ್ತದೆ, ಮತ್ತು ಅದಕ್ಕೆ ಮೊದಲು ಬಲಿಯಾಗುವುದು ತರ್ಕದ ಎರಡನೆಯ ಕೋರ್ಸು, ಗ್ರೀಕ್ ಅಥವಾ ಸಂಸ್ಕೃತ ಪಠ್ಯದ ಕೋರ್ಸು. ಅಂದರೆ ಯಾವುದಕ್ಕಾಗಿ ನೀವು ಅಲ್ಲಿಗೆ ಹೋದಿರೋ ಅದೇ.

4. ಅಧ್ಯಾಪಕರು

ಕಾಯಂ ಅಧ್ಯಾಪಕರನ್ನು ಎಣಿಸಿ. ಮೂವರು ಅಥವಾ ಕಡಿಮೆ ಇದ್ದರೆ ವಿಭಾಗ ತೆಳು. ಒಬ್ಬರು ರಜೆ ಹೋದರೆ ಮೂರನೇ ಒಂದು ಭಾಗ ಹೋದ ಹಾಗೆ. ಐದರಿಂದ ಎಂಟು ಜನ ಇದ್ದರೆ ಪದವಿ ಮಟ್ಟಕ್ಕೆ ಬೇಕಾದ ಹರವು ಸಿಗುತ್ತದೆ. ಮೂವತ್ತು ಜನ ಇದ್ದರೆ ಮೂರು ಪಟ್ಟು ಒಳ್ಳೆಯದೆಂದು ತಿಳಿಯಬೇಡಿ.

ಸಂಖ್ಯೆಯಷ್ಟೇ ಮುಖ್ಯ ಅವರ ಹಂಚಿಕೆ. ಆರು ಜನರಲ್ಲಿ ಐವರು ವೇದಾಂತದವರೇ, ಅಥವಾ ಐವರು ಹೈಡೆಗರ್ ಓದುವವರೇ, ಅಥವಾ ಐವರು ಭಾಷೆಯ ತತ್ವಶಾಸ್ತ್ರದವರೇ ಆದರೆ, ಅಲ್ಲಿ ಓದಿದವರಿಗೆ ತತ್ವಶಾಸ್ತ್ರ ಎಂದರೆ ಅದೊಂದೇ ಎಂಬ ಭಾವನೆ ಬಂದುಬಿಡುತ್ತದೆ. ಪ್ರತಿಯೊಬ್ಬರ ಹೆಸರನ್ನೂ ತತ್ವಶಾಸ್ತ್ರ ಲೇಖನಗಳ ಸೂಚಿ ಇರುವ ಜಾಲತಾಣ ಫಿಲ್‌ಪೇಪರ್ಸ್‌ನಲ್ಲಿ ಹಾಕಿ ನೋಡಿದರೆ ಯಾರು ಏನು ಬರೆಯುತ್ತಾರೆ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಅನಲಿಟಿಕ್, ಕಾಂಟಿನೆಂಟಲ್ ಎಂಬ ಎರಡು ಬಣಗಳ ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ: ಫ್ರೆಗೆ, ರಸೆಲ್, ವಿಟ್‌ಗೆನ್‌ಸ್ಟೈನ್‌ರಿಂದ ಬಂದವರು ಒಂದು ಕಡೆ, ಹುಸೆರ್ಲ್, ಹೈಡೆಗರ್, ಸಾರ್ತ್ರ್‌ರಿಂದ ಬಂದವರು ಇನ್ನೊಂದು ಕಡೆ. ಹದಿನೆಂಟರ ವಯಸ್ಸಿನಲ್ಲಿ ಪಕ್ಷ ಸೇರುವ ಜರೂರು ಯಾರಿಗೂ ಇಲ್ಲ. ಎರಡೂ ಕಡೆಯವರು ಕನಿಷ್ಠ ಒಬ್ಬೊಬ್ಬರಾದರೂ ಇರುವ, ಒಬ್ಬರನ್ನೊಬ್ಬರು ಮಾತಾಡಿಸುವ ವಿಭಾಗ ಸಿಕ್ಕರೆ ಸಾಕು.

ದೊಡ್ಡ ಹೆಸರಿನ ಪ್ರೊಫೆಸರ್ ಇದ್ದಾರೆಂದು ಸೇರುವವರು ಒಂದು ಸಲ ವೇಳಾಪಟ್ಟಿಯ ಆ ಹಾಳೆಗೆ ಹಿಂದಿರುಗಿ. ನಾಲ್ಕು ಸೆಮಿಸ್ಟರಿನಲ್ಲಿ ಅವರು ಪದವಿ ತರಗತಿಗೆ ಎಷ್ಟು ಸಲ ಬಂದಿದ್ದಾರೆ? ಸಂಶೋಧನಾ ವಿದ್ಯಾರ್ಥಿಗಳಿಗೆ ಒಂದು ಸೆಮಿನಾರ್ ಬಿಟ್ಟರೆ ಬೇರೆಲ್ಲೂ ಹೆಸರಿಲ್ಲದಿದ್ದರೆ ನಿಮ್ಮ ಪಾಲಿಗೆ ಅವರು ಗೋಡೆಯ ಮೇಲಿನ ಫೋಟೊ. ಮೊದಲ ವರ್ಷದ ಪಾಠ ಪೂರ್ತಿ ಅತಿಥಿ ಉಪನ್ಯಾಸಕರ ಮೇಲೋ ಸಂಶೋಧನಾ ವಿದ್ಯಾರ್ಥಿಗಳ ಮೇಲೋ ಬಿದ್ದಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ. ಅವರು ಕೆಟ್ಟದಾಗಿ ಕಲಿಸುತ್ತಾರೆ ಎಂದಲ್ಲ, ಎಷ್ಟೋ ಕಡೆ ಅವರೇ ಚೆನ್ನಾಗಿ ಕಲಿಸುವುದು. ಆದರೆ ಎರಡು ವರ್ಷ ಬಿಟ್ಟು ಶಿಫಾರಸು ಪತ್ರ ಬೇಕಾದಾಗ ಅವರು ಅಲ್ಲಿ ಇರುವುದಿಲ್ಲ.

5. ಬರವಣಿಗೆ: ಇಲ್ಲಿ ನಿಧಾನಿಸಿ

ಬೇರೆ ಎಲ್ಲದರಲ್ಲೂ ಒಂದಿಷ್ಟು ರಾಜಿ ಮಾಡಿಕೊಳ್ಳಬಹುದು. ಇದರಲ್ಲಿ ಬೇಡ. ತತ್ವಶಾಸ್ತ್ರದ ಪದವಿಯಿಂದ ಕೊನೆಗೆ ಕೈಯಲ್ಲಿ ಉಳಿಯುವುದು ವಾದ ಕಟ್ಟುವ, ವಾದ ಒಡೆಯುವ ಕಸುಬು, ಮತ್ತು ಆ ಕಸುಬು ಬರುವುದು ಬರೆದು, ತಿದ್ದಿಸಿಕೊಂಡು, ಮತ್ತೆ ಬರೆದಾಗ. ಕೇಳಬೇಕಾದದ್ದು ನಾಲ್ಕು: ಎಷ್ಟು ಪ್ರಬಂಧ, ಎಷ್ಟು ಉದ್ದ, ಯಾರು ಓದುತ್ತಾರೆ, ಎಷ್ಟು ದಿನದಲ್ಲಿ ವಾಪಸ್?

ಮೊದಲ ವರ್ಷ ಒಂದು ಕೋರ್ಸಿಗೆ 1000ದಿಂದ 1500 ಪದಗಳ ಎರಡು ಮೂರು ಪ್ರಬಂಧ ಇರಲಿ. ಕೊನೆಯ ವರ್ಷಕ್ಕೆ ಬರುವಾಗ 3000 ಪದಗಳವರೆಗೆ ಹೋಗಲಿ, ಜೊತೆಗೆ ಬಯಸಿದವರಿಗೆ 8000 ಪದಗಳ ಆಸುಪಾಸಿನ ಒಂದು ಕಿರು ಸಂಶೋಧನಾ ಪ್ರಬಂಧದ ಅವಕಾಶವಿರಲಿ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವಿಗೆ ಇರುವ ನಿಜವಾದ ಬೆಲೆ ಕಟ್ಟಡದಲ್ಲಿಲ್ಲ. ಒಬ್ಬರೋ ಇಬ್ಬರೋ ವಿದ್ಯಾರ್ಥಿಗಳು ಬರೆದು ತಂದ ಪ್ರಬಂಧವನ್ನು ಎದುರಿಗಿಟ್ಟುಕೊಂಡು ಅಧ್ಯಾಪಕರು ಒಂದು ಗಂಟೆ ಕೂರುತ್ತಾರಲ್ಲ, ಅಲ್ಲಿದೆ. ಅದೇ ಪ್ರಮಾಣದಲ್ಲಿ ಎಲ್ಲೆಡೆ ಸಿಗುವುದಿಲ್ಲ, ನಿಜ. ಅದರ ಒಂದು ಪಾಲು ಹೆಸರಿಲ್ಲದ ಸಣ್ಣ ಕಾಲೇಜಿನಲ್ಲಿ ಸಿಗಬಹುದು, ದೊಡ್ಡ ಹೆಸರಿನ ಕಡೆ ಸಿಗದೆಯೂ ಇರಬಹುದು. ಉಪನ್ಯಾಸಕ್ಕೆ 100 ಜನ ಇದ್ದರೂ ಚಿಂತೆಯಿಲ್ಲ, ವಾರಕ್ಕೊಮ್ಮೆ 15 ಜನರ ಚರ್ಚಾ ಗುಂಪು ಇದ್ದರೆ ಆಯಿತು. ಅದೂ ಇಲ್ಲದ 60 ಜನರ ತರಗತಿಯಲ್ಲಿ ಪ್ರಬಂಧ ಹೆಸರಿಗೆ ಮಾತ್ರ ಇರುತ್ತದೆ. ಲೆಕ್ಕ ಹಾಕಿ: 60 ಪ್ರಬಂಧ, ಒಂದಕ್ಕೆ ಅರ್ಧ ಗಂಟೆ, ಒಟ್ಟು 30 ಗಂಟೆ. ವಾರಕ್ಕೆ 16 ಗಂಟೆ ಪಾಠವಿರುವ ಅಧ್ಯಾಪಕರು ಎಲ್ಲಿಂದ ತರುತ್ತಾರೆ ಆ ಸಮಯವನ್ನು?

ತಿದ್ದಿದ ಪ್ರಬಂಧವೊಂದು ಅಲ್ಲಿನ ವಿದ್ಯಾರ್ಥಿಗಳ ಹತ್ತಿರ ನೋಡಲು ಸಿಕ್ಕರೆ ಅದು ನೂರು ಪುಟದ ಪ್ರಾಸ್ಪೆಕ್ಟಸ್‌ಗೆ ಸಮ. ಡೆಕಾರ್ಟ್ ಬಗ್ಗೆ ಒಬ್ಬ ವಿದ್ಯಾರ್ಥಿ ಹೀಗೆ ಬರೆದಿದ್ದಾನೆ ಎಂದುಕೊಳ್ಳಿ: ‘ಇಂದ್ರಿಯಗಳು ಕೆಲವೊಮ್ಮೆ ಮೋಸ ಮಾಡುತ್ತವೆ. ಆದ್ದರಿಂದ ಅವು ಯಾವಾಗಲೂ ಮೋಸ ಮಾಡುತ್ತಿರಬಹುದು.’ ಒಂದು ಕಾಲೇಜಿನಲ್ಲಿ ಇದರ ಪಕ್ಕ ಒಂದು ಟಿಕ್ ಗುರುತು, ಕೆಳಗೆ ‘ಚೆನ್ನಾಗಿದೆ, ಇನ್ನೂ ವಿವರಿಸಬಹುದಿತ್ತು, 14/20’. ಇನ್ನೊಂದು ಕಡೆ ‘ಆದ್ದರಿಂದ’ ಎಂಬ ಪದಕ್ಕೆ ಸುತ್ತು ಹಾಕಿ, ಅಂಚಿನಲ್ಲಿ: ‘ಇದು ಬರುವುದಿಲ್ಲ. ಓಟದಲ್ಲಿ ಯಾರು ಬೇಕಾದರೂ ಸೋಲಬಹುದು, ಹಾಗೆಂದು ಎಲ್ಲರೂ ಒಟ್ಟಿಗೆ ಸೋಲಬಹುದೇ? ಕೆಲವೊಮ್ಮೆಯಿಂದ ಯಾವಾಗಲೂಗೆ ಹೋಗಲು ಡೆಕಾರ್ಟ್ ನಡುವೆ ಕನಸಿನ ವಾದ ತರುತ್ತಾನೆ. ಅದು ನಿಮ್ಮಲ್ಲಿ ಎಲ್ಲಿದೆ? ತಿದ್ದಿ ಬರೆದು ತನ್ನಿ.’ ಅಂಕ ಇಲ್ಲಿ 11 ಇರಬಹುದು. ಸೇರಬೇಕಾದದ್ದು ಈ ಎರಡನೆಯ ಕಾಲೇಜಿಗೆ.

ಈಗ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ, ಮನೆಯಲ್ಲಿ ಬರೆದು ತರುವ ಪ್ರಬಂಧವನ್ನೇ ಕೈಬಿಟ್ಟು ಮೂರು ಗಂಟೆಯ ಪರೀಕ್ಷೆಗೆ ಮರಳಿದ ಕಡೆಗಳಿವೆ. ಕಳ್ಳತನ ತಪ್ಪುತ್ತದೆ, ತಿದ್ದಿ ಬರೆಯುವ ಅಭ್ಯಾಸವೂ ತಪ್ಪುತ್ತದೆ. ಪ್ರಬಂಧ ಉಳಿಸಿಕೊಂಡು, ಅದರ ಮೇಲೆ ಹತ್ತು ನಿಮಿಷ ಎದುರು ಕೂರಿಸಿ ಪ್ರಶ್ನೆ ಕೇಳುವ ಪದ್ಧತಿ ಉತ್ತಮ. ‘ಪ್ರಬಂಧಗಳಲ್ಲಿ ಎಐ ಬಳಕೆಯನ್ನು ಹೇಗೆ ನಿಭಾಯಿಸುತ್ತೀರಿ?’ ಎಂದು ಕೇಳಿ. ಅದರ ಬಗ್ಗೆ ತಲೆಕೆಡಿಸಿಕೊಂಡಿರುವ ವಿಭಾಗದ ಉತ್ತರ ಬೇರೆಯೇ ಇರುತ್ತದೆ.

6. ಬರೆದು ಕೇಳಿ, ಹೋಗಿ ಕೂರಿ

ವಿಭಾಗಕ್ಕೆ ಒಂದು ಚಿಕ್ಕ ಇಮೇಲ್ ಸಾಕು. ‘ನಮಸ್ಕಾರ. ಮುಂದಿನ ವರ್ಷ ತತ್ವಶಾಸ್ತ್ರ ಪದವಿಗೆ ಅರ್ಜಿ ಹಾಕಬೇಕೆಂದಿದ್ದೇನೆ. ಕಳೆದ ಎರಡು ವರ್ಷ ನಡೆದ ಕೋರ್ಸುಗಳ ಪಟ್ಟಿ ಸಿಗಬಹುದೇ? ಮೊದಲ ವರ್ಷದ ಯಾವುದಾದರೂ ಒಂದು ಕೋರ್ಸಿನ ಓದಿನ ಪಟ್ಟಿ ಮತ್ತು ಪ್ರಬಂಧದ ಪ್ರಶ್ನೆಗಳನ್ನು ಕಳಿಸಬಹುದೇ? ಒಂದು ದಿನ ತರಗತಿಯಲ್ಲಿ ಕೂರಲು ಅವಕಾಶವಿದೆಯೇ?’ ಇಷ್ಟೇ. ನಿಮ್ಮ ಜೀವನದ ಗುರಿ, ನೀತ್ಶೆ ಓದಿ ಕಣ್ತೆರೆದ ಕಥೆ ಬೇಡ. ಪರೀಕ್ಷೆಯ ವಾರ, ಸೆಮಿಸ್ಟರ್ ಶುರುವಿನ ವಾರ ಬಿಟ್ಟು ಕಳಿಸಿ. ಹತ್ತು ಕೆಲಸದ ದಿನದಲ್ಲಿ ಉತ್ತರ ಬರದಿದ್ದರೆ ಇನ್ನೊಮ್ಮೆ ಬರೆಯಿರಿ. ಎರಡನೆಯದಕ್ಕೂ ಮೌನವಾದರೆ ಅದನ್ನೂ ಉತ್ತರವೆಂದೇ ಬರೆದಿಟ್ಟುಕೊಳ್ಳಿ.

ತರಗತಿಯಲ್ಲಿ ಕೂತಾಗ ಅಧ್ಯಾಪಕರ ವಾಕ್ಚಾತುರ್ಯಕ್ಕೆ ಮರುಳಾಗಬೇಡಿ. ತತ್ವಶಾಸ್ತ್ರದ ಮೇಷ್ಟ್ರುಗಳಿಗೆ ಮಾತು ಬರುತ್ತದೆ, ಅದು ದೊಡ್ಡ ವಿಷಯವಲ್ಲ. ಪುಸ್ತಕ ಎಲ್ಲರ ಕೈಯಲ್ಲಿ ತೆರೆದಿದೆಯೇ ನೋಡಿ. ಎಡ್ಮಂಡ್ ಗೆಟಿಯರ್ 1963ರಲ್ಲಿ ಜ್ಞಾನದ ಲಕ್ಷಣದ ಬಗ್ಗೆ ಪ್ರಕಟಿಸಿದ ಲೇಖನ ಮೂರೇ ಪುಟದ್ದು, ಅದರ ಮೇಲಿನ ಚರ್ಚೆ ಇನ್ನೂ ನಿಂತಿಲ್ಲ. ಅಂಥ ಮೂರು ಪುಟದ ಮೇಲೆ ಒಂದು ವಾರ ಕಳೆಯುವ ತರಗತಿಗೂ, ಅದನ್ನು ‘ಗೆಟಿಯರ್ ಸಮಸ್ಯೆ’ ಎಂಬ ಒಂದು ಸ್ಲೈಡಿನಲ್ಲಿ ಮುಗಿಸುವ ತರಗತಿಗೂ ಇರುವ ಅಂತರ ಹತ್ತೇ ನಿಮಿಷದಲ್ಲಿ ಕಾಣುತ್ತದೆ. ವಿದ್ಯಾರ್ಥಿಯೊಬ್ಬರು ತಪ್ಪು ಉತ್ತರ ಕೊಟ್ಟಾಗ ಏನಾಗುತ್ತದೆ ಎಂಬುದನ್ನು ಬಿಡದೆ ಗಮನಿಸಿ. ‘ಅಲ್ಲ’ ಎಂದು ಮುಂದಿನವರ ಕಡೆ ತಿರುಗಿದರೋ, ‘ಸರಿ, ಹಾಗೆಂದುಕೊಳ್ಳೋಣ, ಆಗ ಏನಾಗುತ್ತದೆ?’ ಎಂದು ಆ ತಪ್ಪನ್ನೇ ಎತ್ತಿಕೊಂಡರೋ? ಮಾತಾಡುವವರು ಮೂರು ಜನ, ಉಳಿದವರು ಗೋಡೆಗೆ ಒರಗಿದವರು ಎಂಬಂತಿದ್ದರೆ, ಆ ಮೂವರಲ್ಲಿ ನೀವು ಒಬ್ಬರಾಗುತ್ತೀರಾ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ವಿದ್ಯಾರ್ಥಿಗಳನ್ನು ಮಾತಾಡಿಸುವಾಗ ‘ಕಾಲೇಜು ಹೇಗಿದೆ?’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಉತ್ತರ ಬರುತ್ತದೆ. ‘ಹೋದ ಪ್ರಬಂಧ ಯಾವಾಗ ಕೊಟ್ಟಿರಿ, ಯಾವಾಗ ವಾಪಸ್ ಬಂತು, ಏನು ಬರೆದಿತ್ತು?’ ಎಂದು ಕೇಳಿ. ಕೊನೆಯ ವರ್ಷದವರನ್ನು ಹುಡುಕಿ ಕೇಳುವುದು ಒಳ್ಳೆಯದು. ವಿಭಾಗವೇ ಮುಂದೆ ತಂದು ನಿಲ್ಲಿಸುವ ಇಬ್ಬರ ಜೊತೆ ಮಾತ್ರ ಮಾತಾಡಿ ಬರಬೇಡಿ.

7. ಉಳಿದ ನಾಲ್ಕಾರು ವಿಷಯ

ಗ್ರಂಥಾಲಯ ಈಗ ಮೊದಲಿನಷ್ಟು ದೊಡ್ಡ ತೊಡಕಲ್ಲ. 1995ರಲ್ಲಿ ಶುರುವಾದ ಸ್ಟ್ಯಾನ್‌ಫರ್ಡ್ ತತ್ವಶಾಸ್ತ್ರ ವಿಶ್ವಕೋಶ ಪೂರ್ತಿ ಉಚಿತ, ಹಳೆಯ ಮೂಲ ಕೃತಿಗಳೂ ಸಿಗುತ್ತವೆ. ಜೆಸ್ಟೋರ್‌ನಂಥ ಪತ್ರಿಕಾ ಸಂಗ್ರಹಕ್ಕೆ ಕಾಲೇಜಿನ ಚಂದಾ ಇದೆಯೇ, ಮನೆಯಿಂದ ಲಾಗಿನ್ ಆಗುತ್ತದೆಯೇ ಎಂದಷ್ಟೇ ಕೇಳಿ.

ಹಣದ ವಿಷಯದಲ್ಲಿ ಮೊದಲ ವರ್ಷದ ಲೆಕ್ಕ ಸಾಲದು. ವಿದ್ಯಾರ್ಥಿವೇತನ ಪ್ರತಿ ವರ್ಷ ಮುಂದುವರಿಯಲು ಎಷ್ಟು ಅಂಕ ಬೇಕು ಎಂದು ತಿಳಿದು, ಪದವಿ ಮುಗಿಯುವವರೆಗಿನ ಒಟ್ಟು ಮೊತ್ತ ಬರೆದು ಹೋಲಿಸಿ. ದೊಡ್ಡ ಸಾಲ ಮಾಡಿ ಈ ಪದವಿ ಓದುವುದಕ್ಕೆ ನಮ್ಮ ಸಹಮತವಿಲ್ಲ.

ವಿಭಾಗ ಮುಚ್ಚಿಹೋಗುವ ಅಪಾಯ ಕಲ್ಪನೆಯಲ್ಲ. ಲಂಡನ್ನಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯ 2010ರಲ್ಲಿ ತನ್ನ ತತ್ವಶಾಸ್ತ್ರ ಕೋರ್ಸುಗಳನ್ನು ನಿಲ್ಲಿಸುವುದಾಗಿ ಘೋಷಿಸಿತು. ಸಂಶೋಧನೆಯಲ್ಲಿ ಆ ವಿಭಾಗಕ್ಕೆ ಒಳ್ಳೆಯ ಹೆಸರೇ ಇತ್ತು. ಕಳೆದ ಐದು ವರ್ಷದಲ್ಲಿ ಹೊಸ ಕಾಯಂ ನೇಮಕ ಆಗಿದೆಯೇ, ನಿವೃತ್ತರ ಜಾಗ ತುಂಬಿದ್ದಾರೆಯೇ, ಪ್ರತಿ ವರ್ಷ ಎಷ್ಟು ಜನ ಪದವಿ ಮುಗಿಸುತ್ತಾರೆ ಎಂಬ ಮೂರು ಉತ್ತರಗಳಿಂದ ಅಂದಾಜು ಸಿಗುತ್ತದೆ. ಮುಚ್ಚಿದರೂ ಸೇರಿದವರಿಗೆ ಪದವಿ ಮುಗಿಸಿಕೊಡುವ ಲಿಖಿತ ನಿಯಮ ಇದೆಯೇ ನೋಡಿ.

ಮುಂದಿನ ದಾರಿಯ ಬಗ್ಗೆ: ತತ್ವಶಾಸ್ತ್ರ ಓದಿದವರು, ಅಮೆರಿಕ ಮೊದಲಾದ ಕಡೆ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯ ಭಾಷೆ ಮತ್ತು ಬರವಣಿಗೆ ಭಾಗಗಳಲ್ಲಿ ಮುಂದಿನ ಸಾಲಿನಲ್ಲಿರುತ್ತಾರೆ ಎಂದು ಕಾಲೇಜುಗಳು ಜಾಹೀರಾತು ಕೊಡುತ್ತವೆ. ಅಂಕಿಅಂಶ ಸರಿ, ಆದರೆ ಅದರಿಂದ ಪದವಿಯೇ ಕಾರಣ ಎಂದು ತೀರ್ಮಾನಿಸುವಂತಿಲ್ಲ. ಓದು ಬರಹ ಇಷ್ಟಪಡುವವರೇ ಈ ವಿಷಯಕ್ಕೆ ಬರುವುದೂ ಕಾರಣವಿರಬಹುದು. (ಮೊದಲ ವರ್ಷದ ತರ್ಕದ ತರಗತಿಗೆ ಒಳ್ಳೆಯ ಅಭ್ಯಾಸ.) ‘ನಮ್ಮಲ್ಲಿ ಓದಿದವರಲ್ಲಿ ಶೇ. 33 ಮಂದಿ ಪಿಎಚ್.ಡಿ.ಗೆ ಹೋಗಿದ್ದಾರೆ’ ಎಂದರೆ ಎಷ್ಟು ಜನರಲ್ಲಿ ಎಂದು ಕೇಳಿ. ಆರು ಜನರಲ್ಲಿ ಇಬ್ಬರು ಹೋದರೂ ಶೇ. 33. ಪಿಎಚ್.ಡಿ. ನಿಮ್ಮ ಗುರಿಯಾದರೆ ಸಾಂಕೇತಿಕ ತರ್ಕ, ಸಾಧ್ಯವಾದರೆ ಒಂದು ಮೂಲ ಭಾಷೆ, ಅಂದರೆ ಗ್ರೀಕ್, ಸಂಸ್ಕೃತ ಅಥವಾ ಜರ್ಮನ್, ಮತ್ತು ನಿಮ್ಮ ಬರವಣಿಗೆಯನ್ನು ನಿಜವಾಗಿ ಓದಿರುವ ಮೂವರು ಅಧ್ಯಾಪಕರ ಪತ್ರ ಬೇಕು. 300 ಜನರ ತರಗತಿಯಲ್ಲಿ ನಿಮ್ಮ ಮುಖವನ್ನೇ ಗುರುತಿಸದ ಪ್ರಸಿದ್ಧರ ಪತ್ರಕ್ಕಿಂತ, ನಿಮ್ಮ ಆರು ಪ್ರಬಂಧ ತಿದ್ದಿದವರ ಪತ್ರ ಹೆಚ್ಚು ಕೆಲಸ ಮಾಡುತ್ತದೆ.

8. ತೀರ್ಮಾನ, ಮತ್ತು ಮೊದಲ ವಾರ

ಕಾಲೇಜುಗಳು ಮೂರಕ್ಕೆ ಇಳಿದ ಮೇಲೆ ನಿಮ್ಮ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಂಕ ಕೂಡಿಸಿ ಸರಾಸರಿ ತೆಗೆಯುವುದು ಬೇಡ. ಬರವಣಿಗೆಯ ಸಾಲು ಸೋತ ಕಾಲೇಜನ್ನು ಉಳಿದ ಸಾಲುಗಳು ಎತ್ತಲಾರವು. ಆ ಸಾಲಿನಲ್ಲಿ ಎರಡು ಸಮ ಬಂದರೆ ತರ್ಕ ನೋಡಿ, ಅದರಲ್ಲೂ ಸಮವಾದರೆ ಖರ್ಚು ಕಡಿಮೆ ಇರುವ ಕಡೆ ಸೇರಿ.

ಸೀಟು ಸಿಕ್ಕ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಕೋರ್ಸು ಬದಲಿಸಲು ಸಾಮಾನ್ಯವಾಗಿ ಮೊದಲ ಒಂದೆರಡು ವಾರ ಮಾತ್ರ ಅವಕಾಶ. ತರ್ಕಶಾಸ್ತ್ರದ ಗಂಟೆ ನಿಮ್ಮ ಇನ್ನೊಂದು ವಿಷಯದ ಪ್ರಾಯೋಗಿಕ ತರಗತಿಗೆ ಡಿಕ್ಕಿ ಹೊಡೆಯುತ್ತಿದೆಯೇ ಎಂದು ಮೊದಲ ದಿನವೇ ನೋಡಿ. ಜೋಡಿ ಪದವಿಗಳಲ್ಲಿ ಇದು ಪದೇ ಪದೇ ಆಗುತ್ತದೆ, ಏಕೆಂದರೆ ಎರಡು ವಿಭಾಗಗಳು ಒಂದನ್ನೊಂದು ಕೇಳದೆ ವೇಳಾಪಟ್ಟಿ ಹಾಕುತ್ತವೆ. ಡಿಕ್ಕಿ ಇದ್ದರೆ ಎರಡೂ ವಿಭಾಗದ ಮುಖ್ಯಸ್ಥರಿಗೆ ಒಂದೇ ಇಮೇಲ್‌ನಲ್ಲಿ, ಇಬ್ಬರಿಗೂ ಕಾಣುವ ಹಾಗೆ ಬರೆಯಿರಿ. ಬೇರೆ ಬೇರೆ ಬರೆದರೆ ಒಬ್ಬರು ಇನ್ನೊಬ್ಬರನ್ನು ಕೇಳಿ ಎನ್ನುತ್ತಾರೆ, ಅಷ್ಟರಲ್ಲಿ ಎರಡು ವಾರ ಕಳೆದಿರುತ್ತದೆ.